ಕಿಟಕಿಯ ಜಾಗ

ಕಳೆದ ಭಾನುವಾರ ತೇರಗಾಂವಕ್ಕೆ ಒಂದು ಕುಬಸದ ಊಟಕ್ಕೆ ಹೋಗಿದ್ದೆ. (ಕೆಲವರ ಕಡೆ ಸೀಮಂತ ಅನ್ನುತ್ತಾರೆ. ನಾವು ಕುಬಸ ಅಂತೇವೆ. ಬಸುರಿಗೆ ಹೊಸ ಸೀರೆ, ಬಂದವರಿಗೆಲ್ಲ ಎರಡು ದಿನಕ್ಕಾಗುವಷ್ಟು ಊಟ.) ಹೊಟ್ಟೆ ತುಂಬ ಉಂಡೆ. ಮನೆಗೆ ಬಂದ ಮೇಲೆ ಮನಸ್ಸಿಗೆ ಮಾತ್ರ ಯಾಕೋ ಏನೂ ರುಚಿಸಲಿಲ್ಲ.

ಕುಬಸ ಗಂಗಕ್ಕನ ಮಗಳದ್ದು. ನಾನು ಈಗ ಹಳಿಯಾಳದಲ್ಲಿ ಪಾಠ ಮಾಡುತ್ತಿದ್ದರೂ, ಹಿಂದೆ ಕೆಲ ವರ್ಷ ತೇರಗಾಂವದ ಶಾಲೆಯಲ್ಲಿದ್ದೆ. ಆಗ ನನ್ನ ಬಾಡಿಗೆ ಮನೆ ಇದ್ದದ್ದು ಗಂಗಕ್ಕನ ಮನೆಯ ಎದುರಿಗೇ. ಹಾಗಾಗಿ ನಾನು ಆ ಮನೆಯಲ್ಲಿ ಹೊರಗೆ ಕೂರುವವಳಲ್ಲ. ಚಪ್ಪಲಿ ಬಿಟ್ಟವಳೇ ನೆಟ್ಟಗೆ ಅಡುಗೆಮನೆಗೆ ಹೋದೆ.

ಎಲ್ಲ ತಯಾರಾಗಿತ್ತು. ಎಣ್ಣೆಗಾಯಿ ಆಗಿತ್ತು, ಕಾಳು ಪಲ್ಯ ಆಗಿತ್ತು, ಮಾದಲಿ ಆಗಿತ್ತು, ಗುರೆಳ್ಳು ಚಟ್ನಿಯ ವಾಸನೆ ಓಣಿಯ ತನಕ ಬಂದಿತ್ತು. ಆದರೆ ರೊಟ್ಟಿ ಇರಲಿಲ್ಲ. ಒಲೆ ಉರಿಯುತ್ತಿತ್ತು, ಹಂಚು ಕಾದಿತ್ತು, ಪರಾತದಲ್ಲಿ ಜೋಳದ ಹಿಟ್ಟು ಸೋಸಿಟ್ಟಿತ್ತು. ಒಲೆಯ ಮುಂದೆ ಒಬ್ಬರೂ ಕೂತಿರಲಿಲ್ಲ.

"ರೊಟ್ಟಿ?" ಅಂದೆ.

"ಬರ್ತಾರ, ಅಕ್ಕಾರ," ಅಂದಳು ಗಂಗಕ್ಕ.

"ಯಾರು?"

"ಯಾರಂದ್ರ? ನಮ್ಮವ್ರು. ಶಾಂತವ್ವ, ರೋಜಿ, ಆ ಅಕ್ಕ-ತಂಗಿ ಇಬ್ರೂ."

ಈ 'ನಮ್ಮವರು' ಆ ಮನೆಯ ಹೊಸ್ತಿಲು ತುಳಿದು ವರ್ಷದ ಮೇಲಾಗಿತ್ತು. ರೊಟ್ಟಿಗೆ ಬರ್ರಿ ಅಂತ ಹೇಳಿದ್ದಾಳೋ ಇಲ್ಲವೋ ಅನ್ನುವ ಅನುಮಾನ ಬಂದು ಕೇಳಿದೆ.

"ಕುಂಕುಮ ಕೊಟ್ಟು ಕುಬಸಕ್ಕ ಬರ್ರಿ ಅಂತ ಹೇಳಿ ಬಂದೇನ್ರಿ. ರೊಟ್ಟಿಗಿ ಬ್ಯಾರೆ ಹೇಳಬೇಕೇನು? ಬಂದ್ರ ಒಳಗ ಬರ್ತಾರ. ಒಳಗ ಬಂದ್ರ ಒಲಿ ಮುಂದ ಕುಂಡ್ರತಾರ. ನನ್ನ ಮಗಳ ಕುಬಸಕ್ಕ ಅವ್ರ ಕೈ ರೊಟ್ಟಿ ಬಿಟ್ಟು ಬ್ಯಾರೆ ರೊಟ್ಟಿ ಬಡಸ್ಲೇನು?"

ಅವಳ ಲೆಕ್ಕಾಚಾರ ತಪ್ಪು ಅನ್ನುವಂತಿಲ್ಲ. ನಮ್ಮ ಕಡೆ ಕಾರ್ಯದ ಮನೆಗೆ ಬರುವ ಹೆಂಗಸರಲ್ಲಿ ಎರಡೇ ಜಾತಿ. ಪಡಸಾಲೆಯ ಚಾಪೆಯ ಮೇಲೆ ಕೂತು "ಎಷ್ಟೊತ್ತಿಗ್ರಿ ಊಟ" ಅಂತ ಗಡಿಯಾರ ನೋಡುವವರು ಒಂದು. ಸೀದಾ ಒಳಗೆ ನುಗ್ಗಿ, ಸೆರಗು ಸಿಕ್ಕಿಸಿ "ಏನ್ ಉಳದೈತಿ ಹೇಳ" ಅನ್ನುವವರು ಇನ್ನೊಂದು. ಮೊದಲನೆಯವರು ಬೀಗರು, ಎರಡನೆಯವರು ಬಳಗ. ನಮಗೆ ಯಾರು ಏನಾಗಬೇಕು ಅಂತ ತಿಳಿಯಲು ಇದಕ್ಕಿಂತ ಒಳ್ಳೆಯ ಪರೀಕ್ಷೆ ಇಲ್ಲ. ಗಂಗಕ್ಕ ಆವತ್ತು ಮಗಳ ಕುಬಸವನ್ನೇ ಪರೀಕ್ಷೆಗೆ ಇಟ್ಟಿದ್ದಳು.

ಗಂಗಕ್ಕನೂ ಸೇರಿ ಈ ಐವರ ಕತೆ ಹೇಳದಿದ್ದರೆ ನಿಮಗೆ ಅವಳ ಧೈರ್ಯವೂ ತಿಳಿಯುವುದಿಲ್ಲ, ಅವಳ ಭಯವೂ ತಿಳಿಯುವುದಿಲ್ಲ.

ಗಂಗಕ್ಕನ ಮನೆಯ ಪಕ್ಕದ ಕೋಣೆಯಲ್ಲಿ ಐದು ಮಂದಿ ಸೇರಿ ಕಡಕ್ ರೊಟ್ಟಿ ಮಾಡುತ್ತಿದ್ದರು. ಮೊದಮೊದಲು ಊರ ಮದುವೆಗಳಿಗೆ, ಆಮೇಲೆ ಹಳಿಯಾಳದ ಅಂಗಡಿಗಳಿಗೆ. ಕೆಲಸ ಐದು ಥರದ್ದು. ಒಬ್ಬರು ಹಿಟ್ಟು ನಾದಬೇಕು. ಒಬ್ಬರು ಬಡಿಯಬೇಕು. ಒಬ್ಬರು ಹಂಚಿನ ಮೇಲೆ ಬೇಯಿಸಬೇಕು. ಒಬ್ಬರು ಒಲೆಯ ಬಾಯಿಗೆ ಆನಿಸಿ ಕಡಕ್ ಮಾಡಬೇಕು. ಕೊನೆಯವರು ಕಿಟಕಿಯ ಹತ್ತಿರ ಕೂತು, ಬೂದಿ ಒರೆಸಿ, ರೊಟ್ಟಿ ಜೋಡಿಸಿ ಬುಟ್ಟಿ ತುಂಬಬೇಕು.

ಅವರಲ್ಲಿ ಒಂದು ರೂಢಿ ಇತ್ತು. ಬುಟ್ಟಿ ತುಂಬಿದ ಕೂಡಲೇ ಎಲ್ಲರೂ ಎದ್ದು ಒಂದೊಂದು ಜಾಗ ಸರಿಯಬೇಕು. ನಾದಿದವಳು ಬಡಿಯಲು, ಬಡಿದವಳು ಹಂಚಿಗೆ, ಹಂಚಿನವಳು ಒಲೆಯ ಬಾಯಿಗೆ, ಅಲ್ಲಿ ಕಣ್ಣು ಕೆಂಪಗೆ ಮಾಡಿಕೊಂಡವಳು ಕಿಟಕಿಗೆ. ಕಿಟಕಿ ಅಂದರೆ ಗಾಳಿ, ಬೆಳಕು, ಸ್ವಲ್ಪ ವಿಶ್ರಾಂತಿ. ಆದರೆ ಪುಕ್ಕಟೆ ಅಲ್ಲ. ಕಿಟಕಿಗೆ ಬಂದವಳು ಓಣಿಯಲ್ಲಿ ನಡೆಯುವುದನ್ನೆಲ್ಲ ಒಳಗಿನವರಿಗೆ ಹೇಳುತ್ತಲೇ ಇರಬೇಕು. ಯಾರು ಹೋದರು, ಯಾರ ಕೈಯಲ್ಲಿ ಏನಿತ್ತು, ಯಾರ ಮುಖ ಬಾಡಿತ್ತು. ಹೊಗೆಯಲ್ಲಿ ಕೂತವರಿಗೆ ಅದೇ ಟಿ.ವಿ.

ನಾನು ಎದುರು ಮನೆಯವಳು. ಶಾಲೆಗೆ ಹೊರಟರೆ ಕಿಟಕಿಯಿಂದ ಒಂದು ಮುಖ, ಊಟಕ್ಕೆ ಬಂದರೆ ಇನ್ನೊಂದು ಮುಖ. ರೋಜಿ ಕೂತಿದ್ದ ದಿನ ನನಗೆ ಹೊರಗೆ ಕಾಲಿಡಲು ಹೆದರಿಕೆ. ರೋಜಿ ಆ ಊರ ಸಿದ್ದಿ ಕ್ರಿಶ್ಚಿಯನ್ ಮನೆಯ ಹೆಣ್ಣುಮಗಳು, ನಾಲಿಗೆ ಮಹಾ ಚುರುಕು, ಯಾರ ನಡಿಗೆಯನ್ನಾದರೂ ಕೂತಲ್ಲೇ ಅಣಕಿಸಬಲ್ಲವಳು. "ಅಕ್ಕಾರು ಇವತ್ತ ಹೊಸಾ ಸೀರಿ ಉಟ್ಟಾರ, ಇನ್ಸ್‌ಪೆಕ್ಷನ್ ಐತಿ ಕಾಣತೈತಿ," ಅಂತ ಒಳಗೆ ಒದರುತ್ತಿದ್ದಳು. ಒಳಗಿಂದ ನಗು ಬರುತ್ತಿತ್ತು. ಹಿರಿಯಳಾದ ಶಾಂತವ್ವ ಕೂತಿದ್ದರೆ ಇಷ್ಟು ತೊಂದರೆ ಇಲ್ಲ. ಅವಳು ಮನುಷ್ಯರ ಸುದ್ದಿ ಕಡಿಮೆ ಹೇಳುವವಳು. ಅವಳ ಎಮ್ಮೆ ಮೇಯಲು ಹೋಗುವಾಗ ಆ ಕಿಟಕಿಯ ಮುಂದೆ ನಿಲ್ಲುತ್ತಿತ್ತು. ಅವಳು ಸೀದುಹೋದ ರೊಟ್ಟಿಯ ಚೂರನ್ನು ಸರಳಿನ ಸಂದಿಯಿಂದ ಕೊಡುತ್ತಿದ್ದಳು. ಶಾಂತವ್ವ ಇಲ್ಲದ ದಿನವೂ ಎಮ್ಮೆ ನಿಲ್ಲುತ್ತಿತ್ತು, ಇದ್ದವರು ಯಾರಾದರೂ ಕೊಡುತ್ತಿದ್ದರು.

ಹೀಗಿದ್ದಾಗ ಗುಂಪು ಸಂಘವಾಯಿತು. ಸಂಘ ಅಂದಮೇಲೆ ಅಧ್ಯಕ್ಷೆ ಬೇಕಲ್ಲ? "ಗಂಗಾನ ಆಗ್ಲಿ, ಆಕಿಗಿ ಮಾತಾಡಾಕ ಬರತೈತಿ," ಅಂದವಳು ಶಾಂತವ್ವನೇ. ಮಾತು ನಿಜ. ದಾಂಡೇಲಿಯ ರಿಸಾರ್ಟಿನವರ ಮುಂದೆ ನಿಂತು, ಹೆದರದೆ, "ನಮ್ಮ ರೊಟ್ಟಿ ತಿಂದ ನೋಡ್ರಿ, ಆಮ್ಯಾಲ ಮಾತಾಡೂಣು" ಅನ್ನುವ ಎದೆಗಾರಿಕೆ ಐವರಲ್ಲಿ ಅವಳೊಬ್ಬಳಿಗೇ ಇತ್ತು. ಕುಳಗಿಗೆ ಕಾಡು ನೋಡಲು ಬಂದವರು, ಮೌಳಂಗಿಗೆ ನೀರಾಟಕ್ಕೆ ಬಂದವರು, ಜೋಯಿಡಾದ ಹೋಮ್‌ಸ್ಟೇಗಳಲ್ಲಿ ಉಳಿದವರು, ಎಲ್ಲರ ತಾಟಿನಲ್ಲೂ ತೇರಗಾಂವದ ರೊಟ್ಟಿ ಬಂತು. ಅದು ಗಂಗಕ್ಕನ ಕೆಲಸ. ಅಲ್ಪನಿಗೆ ಐಶ್ವರ್ಯ ಬಂದರೆ ಅರ್ಧರಾತ್ರಿಯಲ್ಲಿ ಕೊಡೆ ಹಿಡಿದ ಅಂತಾರಲ್ಲ, ಗಂಗಕ್ಕ ಅಂಥವಳಲ್ಲ. ಬಂದದ್ದನ್ನು ಐವರಿಗೂ ಸಮನಾಗಿ ಹಂಚಿದಳು. ತನಗೊಂದು ಚೂರು ಹೆಚ್ಚು ಇಟ್ಟುಕೊಂಡವಳಲ್ಲ.

ಆದರೆ ಅವಳು ಒಂದು ಕೆಲಸ ಮಾಡಿದಳು. ಜಾಗ ಸರಿಯುವುದನ್ನು ನಿಲ್ಲಿಸಿದಳು.

ಅವಳದು ನ್ಯಾಯವಾದ ಮಾತೇ. ಆರ್ಡರ್ ಜಾಸ್ತಿ, ಎದ್ದು ಕೂರುವುದರಲ್ಲಿ ಹೊತ್ತು ಹೋಗುತ್ತದೆ. ಶಾಂತವ್ವ ಬಡಿದ ರೊಟ್ಟಿ ಎಲ್ಲ ಒಂದೇ ಅಳತೆ, ಹಾಗಾಗಿ ಅವಳೇ ಬಡಿಯಲಿ. ರೋಜಿಗೆ ಬಿಸಿ ತಾಳುತ್ತದೆ, ಅವಳು ಒಲೆಯ ಬಾಯಿಗೆ ಇರಲಿ. ಅಕ್ಕ ನಾದಲಿ, ತಂಗಿ ಹಂಚಿಗೆ. ಉಳಿದದ್ದು ಕಿಟಕಿ. ಆ ಕೋಣೆಯಲ್ಲಿ ಫೋನಿಗೆ ನೆಟ್‌ವರ್ಕ್ ಸಿಗುವ ಜಾಗ ಅದೊಂದೇ. ಆರ್ಡರ್ ಬರುವುದು ಫೋನಿಗೆ. ಫೋನು ಗಂಗಕ್ಕನದು. ಸರಿ, ಗಂಗಕ್ಕ ಕಿಟಕಿಗೆ ಕೂತಳು.

ಯಾರೂ ಬೇಡ ಅನ್ನಲಿಲ್ಲ. ಮೌನಂ ಸಮ್ಮತಿ ಲಕ್ಷಣಂ ಅಂತ ಯಾರು ಹೇಳಿದರೋ, ಅವರು ಖಂಡಿತ ಯಾವುದೋ ಸಂಘದ ಅಧ್ಯಕ್ಷರಾಗಿದ್ದಿರಬೇಕು. ಶಾಂತವ್ವ ಬೇಡ ಅನ್ನುವುದನ್ನು ಹುಟ್ಟಾ ಕಲಿತವಳಲ್ಲ. ರೋಜಿ ಅಂದಳು, ಆದರೆ ನಗೆಚಾಟಿಕೆಯಲ್ಲಿ: "ನನ್ನ ಮುಂಜಾನಿ ತಂದು ಒಲಿಗಿ ಹಚ್ಚಿಬಿಡು, ಸಂಜಿಗಿ ನಾನೂ ಕಡಕ್ ಆಗಿರತೇನಿ." ಎಲ್ಲರೂ ನಕ್ಕರು. ಗಂಗಕ್ಕನೂ ನಕ್ಕಳು. ನಕ್ಕದ್ದಕ್ಕೆ ಆ ಮಾತು ಅಲ್ಲಿಗೇ ಮುಗಿಯಿತು.

ಇದು ತೇರಗಾಂವದ ಒಂದು ಕೋಣೆಯ ಕತೆ ಮಾತ್ರ ಅಂದುಕೊಂಡಿರಾ? ನಮ್ಮ ಸ್ಟಾಫ್ ರೂಮಿನಲ್ಲಿ ಫ್ಯಾನಿನ ಕೆಳಗೆ ಒಂದು ಕುರ್ಚಿ ಇದೆ. ಅದರ ಮೇಲೆ ಹೆಸರು ಬರೆದಿಲ್ಲ. ಆದರೂ ಏಪ್ರಿಲ್ ತಿಂಗಳಲ್ಲಿ ಅಲ್ಲಿ ಯಾರು ಕೂರುತ್ತಾರೆ ಅಂತ ಮಕ್ಕಳಿಗೂ ಗೊತ್ತು. ನಮ್ಮ ಮನೆಗಳಲ್ಲಿ ರಿಮೋಟ್ ಯಾರ ಕೈಯಲ್ಲಿರುತ್ತದೆ? ವಾಟ್ಸಾಪ್ ಗ್ರೂಪಿನಲ್ಲಿ "ಎಲ್ಲರಿಗೂ ಓಕೆ ತಾನೇ?" ಅಂತ ಅಡ್ಮಿನ್ ಕೇಳಿದರೆ ಉಳಿದವರು ಹೆಬ್ಬೆರಳು ತೋರಿಸದೆ ಇನ್ನೇನು ತೋರಿಸುತ್ತಾರೆ? ಮಾತಿನ ಮಲ್ಲರಿಗೆ ಅಧಿಕಾರ ತಾನಾಗಿ ಬರುತ್ತದೆ. ಅಧಿಕಾರ ಬಂದ ಮೇಲೆ ಮಾತಾಡದವರ ಮನಸ್ಸು ಅವರಿಗೆ ಕೇಳಿಸುವುದಿಲ್ಲ. ಕೆಟ್ಟವರು ಅಂತಲ್ಲ. ಪಾಪ, ಬಿಡುವಿಲ್ಲ.

ಆ ದಿನಗಳಲ್ಲಿ ಒಮ್ಮೆ ಒಳಗೆ ಹೋಗಿದ್ದೆ. ರೊಟ್ಟಿ ಬಡಿಯುವ ಸಪ್ಪಳ ಬಿಟ್ಟರೆ ಬೇರೆ ದನಿ ಇರಲಿಲ್ಲ. "ನೋಡ್ರಿ ಅಕ್ಕಾರ, ಈಗ ಎಷ್ಟು ಶಿಸ್ತು," ಅಂದಳು ಗಂಗಕ್ಕ, ಬಹಳ ಹೆಮ್ಮೆಯಿಂದ. ಕಿಟಕಿಯ ಹೊರಗೆ ಓಣಿ ಎಂದಿನಂತೆ ನಡೆದಿತ್ತು. ಒಳಗಿನವರಿಗೆ ಹೇಳುವವರು ಯಾರೂ ಇರಲಿಲ್ಲ. ಗಂಗಕ್ಕನ ಕಣ್ಣು ಫೋನಿನ ಮೇಲಿತ್ತು.

ಆಮೇಲೆ ಒಂದು ರಜೆಯ ಬೆಳಿಗ್ಗೆ ನಾನು ಬಾಗಿಲಲ್ಲಿ ನಿಂತು ಹಲ್ಲುಜ್ಜುತ್ತಿದ್ದೆ. ಶಾಂತವ್ವನ ಎಮ್ಮೆ ಬಂತು. ಎಂದಿನಂತೆ ಕಿಟಕಿಯ ಮುಂದೆ ನಿಂತು ಮೂತಿ ಸರಳಿಗೆ ಹಚ್ಚಿತು. ಹಗ್ಗ ಹಿಡಿದವನು ಮಾತ್ರ ಪರಿಚಯದವನಲ್ಲ. ಗಂಗಕ್ಕ ಫೋನಿನಲ್ಲಿದ್ದಳು. ತಲೆ ಎತ್ತದೆ "ಹೋಗ, ಹೋಗ" ಅಂತ ಕೈ ಬೀಸಿದಳು. ಎಮ್ಮೆ ಸ್ವಲ್ಪ ಹೊತ್ತು ನಿಂತಿತು. ಅವನು ಹಗ್ಗ ಜಗ್ಗಿದ, ಹೋಯಿತು. ನಾನು ಬಾಯಿ ಮುಕ್ಕಳಿಸಿ ಒಳಗೆ ಹೋದೆ.

ಆ ಹೊತ್ತಿಗೆ ಒಳಗೆ ಏನಾಗಿತ್ತು ಅಂತ ರೋಜಿ ಆಮೇಲೆ ಹೇಳಿದಳು. ಶಾಂತವ್ವನ ಗಂಡ ಹಿಂದಿನ ದಿನ ಆ ಎಮ್ಮೆಯನ್ನು ಮುಂಡಗೋಡ ಕಡೆಯವರಿಗೆ ಮಾರಿದ್ದ. ವಯಸ್ಸಾಗಿತ್ತು, ಹಾಲು ಬತ್ತಿತ್ತು, ಮಾರಬೇಡ ಅನ್ನಲು ಶಾಂತವ್ವನ ಬಳಿ ಕಾರಣವೂ ಇರಲಿಲ್ಲ. ಬೆಳಿಗ್ಗೆ ಅದು ಓಣಿ ಹಾದು ಹೋಗುತ್ತದೆ ಅಂತ ಅವಳಿಗೆ ಗೊತ್ತಿತ್ತು. ಅದಕ್ಕೇ ಕೇಳಿದ್ದಳು. ಅಷ್ಟು ತಿಂಗಳಲ್ಲಿ ಅದೊಂದೇ ಸಲ ಬಾಯಿ ಬಿಟ್ಟು ಕೇಳಿದ್ದಳು.

"ಗಂಗಾ, ಒಂದ ಬುಟ್ಟಿ ನಾ ಕಿಟಕಿಗಿ ಕುಂಡ್ರಲೇನು?"

ಗಂಗಕ್ಕನ ಕಿವಿಯಲ್ಲಿ ಫೋನು. ಆ ಕಡೆ ಯಾರೋ ಮ್ಯಾನೇಜರು. ಕೈಯಿಂದಲೇ 'ತಡಿ, ಆಮ್ಯಾಲ' ಅಂದಳು. ಶಾಂತವ್ವ ತಲೆ ಬಗ್ಗಿಸಿ ರೊಟ್ಟಿ ಬಡಿದಳು. ಹೊರಗೆ ಎಮ್ಮೆ ನಿಂತದ್ದೂ, ಉಸಿರು ಬಿಟ್ಟದ್ದೂ, ಹೋದದ್ದೂ ಅವಳಿಗೆ ಕೇಳಿಸಿತು.

ಎದ್ದು ಹೋಗಿ ನೋಡಬಹುದಿತ್ತಲ್ಲ ಅಂತೀರಿ. ನಾನೂ ರೋಜಿಗೆ ಅದನ್ನೇ ಕೇಳಿದೆ. "ಆಕಿ ಅಂಥಾಕಿ ಇದ್ದಿದ್ರ ನಮಗ ಅಧ್ಯಕ್ಷೆ ಯಾಕ ಬೇಕಾಗಿತ್ರಿ?" ಅಂದಳು.

ಮರುದಿನ ಶಾಂತವ್ವ ಕೆಲಸಕ್ಕೆ ಬರಲಿಲ್ಲ. ಮೊಣಕಾಲು ನೋವು ಅಂತ ಹೇಳಿ ಕಳಿಸಿದಳು. ವಾರ ಬಿಟ್ಟು ರೋಜಿಗೆ ಕಣ್ಣುರಿ ಶುರುವಾಯಿತು. ಅಕ್ಕನಿಗೆ ಹೊಲದ ಕೆಲಸ ಬಂತು, ಅಕ್ಕ ಇಲ್ಲದೆ ತಂಗಿಗೆ ಬೇಸರ ಬಂತು. ಜಗಳ ಆಗಲಿಲ್ಲ. ಆಗಿದ್ದರೆ ಚೆನ್ನಾಗಿತ್ತು. ಜಗಳ ಆಡಿದವರು ಒಂದಿನ ರಾಜಿಯಾಗುತ್ತಾರೆ. ಮೊಣಕಾಲು ನೋವಿನ ಜೊತೆ ಯಾರು ರಾಜಿ ಮಾಡಿಕೊಳ್ಳುವುದು? ಗಂಗಕ್ಕ ಕೆಲ ದಿನ ಬೇರೆಯವರನ್ನು ಕರೆತಂದು ನೋಡಿದಳು, ರೊಟ್ಟಿ ಒಂದೊಂದು ಒಂದೊಂದು ದೇಶದ ನಕ್ಷೆಯಾಗಿ ಬಂದವು. ಆರ್ಡರ್ ನಿಂತವು. ಕೋಣೆಗೆ ಬೀಗ ಬಿತ್ತು. ನನಗೆ ಹಳಿಯಾಳಕ್ಕೆ ವರ್ಗವಾಯಿತು.

ಈಗ ಮತ್ತೆ ಭಾನುವಾರದ ಅಡುಗೆಮನೆಗೆ ಬರೋಣ.

ಹಂಚು ಕಾಯುತ್ತಲೇ ಇತ್ತು. ಗಂಗಕ್ಕ ಎರಡು ಸಲ ಬೆಂಕಿ ಸಣ್ಣ ಮಾಡಿದಳು, ಮತ್ತೆ ದೊಡ್ಡದು ಮಾಡಿದಳು. ಬಾಗಿಲಿಗೆ ಹೋಗುತ್ತಾಳೆ, ಬರುತ್ತಾಳೆ. ಯಾರೋ ಹಾರ ಕೇಳುತ್ತಾರೆ, ಯಾರೋ ತೆಂಗಿನಕಾಯಿ ಕೇಳುತ್ತಾರೆ, ಎಲ್ಲರಿಗೂ ಕೈ ತೋರಿಸಿ ಹೇಳುತ್ತಾಳೆ. ಪಾತೇಲಿ ಅಲ್ಲಿ ಇಡ್ರಿ. ಬಾಳೆಲೆ ಇಲ್ಲಿ ಇಡ್ರಿ. ನೀವು ಅಲ್ಲಿ ಕುಂಡ್ರಿ. ಕಾರ್ಯದ ಮನೆಯ ಯಜಮಾನತಿ, ಇನ್ನೇನು ಮಾಡಿಯಾಳು?

ಅಷ್ಟರಲ್ಲಿ ಅವರು ಬಂದರು. ನಾಲ್ವರೂ ಒಟ್ಟಿಗೇ ಬಂದರು. ಶಾಂತವ್ವ ಮುಂದೆ, ಕಂಕುಳಲ್ಲಿ ಒಂದು ಬಟ್ಟೆಯ ಚೀಲ. ಅವಳ ಹಿಂದೆ ರೋಜಿ, ಅವಳ ಹಿಂದೆ ಅಕ್ಕ-ತಂಗಿ. ಶಾಂತವ್ವ ಪಡಸಾಲೆ ದಾಟಿ ಅಡುಗೆಮನೆಯ ಕಡೆಗೇ ಹೆಜ್ಜೆ ಹಾಕಿದಳು. ನಾನು ನೋಡಿದೆ. ನನ್ನ ಎದೆ ಹಗುರಾಯಿತು ಅಂತಲೇ ಹೇಳಬೇಕು.

ಗಂಗಕ್ಕ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಳು. ಅವಳ ಕಣ್ಣಲ್ಲಿ ನೀರು ಬಂದಿತ್ತು. ಬಾಯಿ ತೆರೆದಳು. ಮತ್ತು ಅವಳ ಕೈ ತಾನಾಗಿಯೇ ಮೇಲೆದ್ದು ಪಡಸಾಲೆಯ ಚಾಪೆಯನ್ನು ತೋರಿಸಿತು.

"ಬಾ ಶಾಂತವ್ವ. ಅಲ್ಲಿ ಕುಂಡ್ರು."

ಶಾಂತವ್ವ ನಿಂತಳು. ಕೈ ತೋರಿಸಿದ ಕಡೆ ನೋಡಿದಳು. ತಿರುಗಿ ಹೋಗಿ ಅಲ್ಲಿಯೇ ಕೂತಳು, ಚೀಲ ಮಡಿಲಲ್ಲಿ ಇಟ್ಟುಕೊಂಡು. ಉಳಿದವರು ಪಕ್ಕದಲ್ಲಿ ಕೂತರು. ಜಾಗ ತೋರಿಸಿದರೆ ಕೂತು ಗೊತ್ತು ಅವರಿಗೆ.

ಗಂಗಕ್ಕ ಬಹಳ ಹೊತ್ತು ಒಲೆಯ ಹತ್ತಿರ ನಿಂತಿದ್ದಳು. "ಹೋಗಿ ಕರಿಯೇ," ಅಂದೆ. "ಹೂಂ" ಅಂದಳು. ಹೋಗಲಿಲ್ಲ. ಇನ್ನೊಬ್ಬರಿಗೆ ಹೇಳಿ ರೂಢಿಯಾದವರಿಗೆ ಕೇಳಿಕೊಳ್ಳುವುದು ಎಷ್ಟು ಕಷ್ಟ ಅಂತ ಆವತ್ತು ನೋಡಿದೆ. ಕೊನೆಗೆ ಅವಳ ಯಜಮಾನರು ಬೈಕ್ ತೆಗೆದುಕೊಂಡು ಹಳಿಯಾಳಕ್ಕೆ ಹೋಗಿ ಪ್ಯಾಕೆಟ್ ರೊಟ್ಟಿ ತಂದರು. ನಾಲ್ವರಿಗೂ ಗಂಗಕ್ಕ ತಾನೇ ನಿಂತು ಬಡಿಸಿದಳು. "ಅಡಗಿ ಛಲೋ ಆಗೇತ್ರಿ," ಅಂದಳು ಶಾಂತವ್ವ. ಆ ಪ್ಯಾಕೆಟ್ ರೊಟ್ಟಿಯನ್ನು ರೋಜಿ ಕೂಡ ಅಣಕಿಸಲಿಲ್ಲ. ಬಸುರಿಗೆ ಉಡಿ ತುಂಬಿದರು, ಆರತಿ ಮಾಡಿದರು, ಎಲೆ-ಅಡಿಕೆ ತೆಗೆದುಕೊಂಡರು, ಹೋದರು.

ಮನೆ ಖಾಲಿಯಾದ ಮೇಲೆ ಗಂಗಕ್ಕ ಕಾಣಲಿಲ್ಲ. ಹುಡುಕಿದರೆ ಪಕ್ಕದ ಕೋಣೆಯ ಬೀಗ ತೆಗೆದು ಕಿಟಕಿಯಲ್ಲಿ ಕೂತಿದ್ದಳು. ಕೈಯಲ್ಲಿ ಫೋನು ಇರಲಿಲ್ಲ.

"ಒಳಗ ಬಾ ಅನ್ನಾಕ ಬಾಯಿ ತಗದಿದ್ನಿ ಅಕ್ಕಾರ," ಅಂದಳು. "ಕೈ ಜಾಗಾ ತೋರಸ್ತು. ಅದನ್ನ ಬಿಟ್ಟು ಈ ಕೈಗಿ ಏನೂ ಗೊತ್ತ ಇಲ್ಲ ಕಾಣತೈತಿ." ಸ್ವಲ್ಪ ಹೊತ್ತು ಓಣಿ ನೋಡಿದಳು. "ಇಲ್ಲಿಂದ ಎಷ್ಟು ದೂರ ಕಾಣತೈತ್ರಿ. ನಾ ಒಂದ ದಿನಾನೂ ನೋಡ್ಲೇ ಇಲ್ಲ."

ಅವಳ ಬೆನ್ನ ಮೇಲೆ ಕೈ ಇಟ್ಟು ಕೂತಿದ್ದು, ಬಸ್ಸಿನ ಹೊತ್ತಾಯಿತು ಅಂತ ಎದ್ದೆ.

ಬಸ್ ಸ್ಟಾಪಿಗೆ ಬಂದರೆ ಶಾಂತವ್ವ, ರೋಜಿ ಅಲ್ಲಿನ ಕಟ್ಟೆಯ ಮೇಲೆ ಕೂತಿದ್ದರು. ಮನೆ ಹತ್ತಿರವೇ ಇದ್ದರೂ ಯಾಕೋ ಹೋಗಿರಲಿಲ್ಲ. ನನಗೆ ಸ್ವಲ್ಪ ಸಿಟ್ಟಿತ್ತು. ಒಂದಿಷ್ಟು ಒಳಗೆ ಹೋಗಿದ್ದರೆ ನಿಮ್ಮ ಗಂಟೇನು ಹೋಗುತ್ತಿತ್ತು ಅಂತ ಕೇಳಿಯೇಬಿಟ್ಟೆ.

ರೋಜಿ ಶಾಂತವ್ವನ ಮಡಿಲಲ್ಲಿದ್ದ ಚೀಲ ಎಳೆದು, ಬಾಯಿ ಬಿಚ್ಚಿ ನನಗೆ ತೋರಿಸಿದಳು. ಒಳಗೆ ಒಂದು ಹಳೆಯ ಸೀರೆ ಮಡಚಿ ಇಟ್ಟಿತ್ತು. ಅಂಚಿಗೆಲ್ಲ ಒಣಗಿದ ಹಿಟ್ಟಿನ ಕಲೆ.

"ರೊಟ್ಟಿ ಬಡಿಯೂ ಮುಂದ ಹೊಸಾ ಸೀರಿ ಕೆಡತೈತಿ ಅಂತ ತಂದಿದ್ಲ್ರಿ," ಅಂದಳು ರೋಜಿ. "ಮುಂಜಾನಿಂದ ನಮಗೆಲ್ಲಾ ಹೇಳ್ಕೊಂಡ ಬಂದಾಳ, ಆಕಿ ಒಬ್ಬಾಕಿಗಿ ಆಗೂದಿಲ್ಲ, ಲಗೂ ನಡೀರಿ, ರೊಟ್ಟಿ ಮಾಡೂಣು ಅಂತ."

ಶಾಂತವ್ವ ಚೀಲ ಕಸಿದುಕೊಂಡು ಮತ್ತೆ ಕಂಕುಳಲ್ಲಿ ಇಟ್ಟುಕೊಂಡಳು. "ಗಂಗಾಗ ಹೇಳಬ್ಯಾಡ್ರಿ ಅಕ್ಕಾರ," ಅಂದಳು. "ಮನಸಿಗಿ ಭಾಳ ಹಚ್ಚಕೋತಾಳ."

ಹೇಳಬೇಡಿ ಅಂದಳು, ಬರೆಯಬೇಡಿ ಅನ್ನಲಿಲ್ಲ. (ಹೆಸರು ಬದಲಿಸಿದ್ದೇನೆ. ಗಂಗಕ್ಕ ಓದಿದರೆ ತಿಳಿಯುತ್ತದೆ, ತಿಳಿಯಲಿ.) ಬಸ್ಸಿನಲ್ಲಿ ಕಿಟಕಿಯ ಪಕ್ಕ ಜಾಗ ಸಿಕ್ಕಿತ್ತು. ಹಳಿಯಾಳದ ತನಕ ಒಂದೇ ವಿಷಯ ತಲೆಯಲ್ಲಿ ಸುತ್ತುತ್ತಿತ್ತು. ಮನೆಯಲ್ಲಾಗಲಿ, ಆಫೀಸಿನಲ್ಲಾಗಲಿ, ನಮ್ಮ ಹತ್ತಿರ ಬಂದವರಿಗೆ ನಾವು ಮೊದಲು ಜಾಗ ತೋರಿಸುತ್ತೇವೆ. ಅವರ ಚೀಲದಲ್ಲಿ ಏನಿದೆ ಅಂತ ಯಾವತ್ತಾದರೂ ಕೇಳಿದ್ದೇವಾ?